ಮೇಡ್ಲೇರಿಯ ಆಕಳು ತಾನಾಗಿ ಗುಣವಾದದ್ದು

ಉಣ್ಣಿ ಕೀಳುವುದನ್ನು ಯಾವ ಕಾಲೇಜಿನಲ್ಲೂ ಸರಿಯಾಗಿ ಕಲಿಸುವುದಿಲ್ಲ. ದನದ ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಕಚ್ಚಿಕೊಂಡ ಹುಳವನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರ ಎಳೆಯಬೇಕು. ಅವಸರ ಮಾಡಿದರೆ ಹೊಟ್ಟೆ ಕೈಗೆ ಬರುತ್ತದೆ, ಬಾಯಿ ದನದಲ್ಲೇ ಉಳಿಯುತ್ತದೆ, ಒದೆ ನಮಗೆ ಬೀಳುತ್ತದೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ತಿಂದ ಒದೆಗಳಲ್ಲಿ ಅರ್ಧ ದನಗಳವು, ಅರ್ಧ ಮೇಲಧಿಕಾರಿಗಳವು. ದನಗಳ ಮೇಲೆ ನನಗೆ ಸಿಟ್ಟಿಲ್ಲ.

ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಶಾಲುಗಳನ್ನು ಮನೆಯವರು ಆಗಲೇ ಹಂಚಿ ಮುಗಿಸಿದ್ದಾರೆ. ನಾನು ಮೊದಲು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಏಳು ವರ್ಷ ಕಾಂಪೌಂಡರ್ ಆಗಿದ್ದೆ. ಸೂಜಿ ಹಾಕುವವನನ್ನು ಹಳ್ಳಿಯವರು ಡಾಕ್ಟರ್ ಎಂದೇ ಕರೆಯುತ್ತಾರೆ, ನಾನೂ ಬೇಡ ಎನ್ನಲಿಲ್ಲ. ಆಮೇಲೆ ಹಾವೇರಿಯ ಒಂದು ಸಣ್ಣ ಪಶುರೋಗ ಪ್ರಯೋಗಾಲಯಕ್ಕೆ ಬಂದೆ. ಎರಡು ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಫ್ರಿಜ್. ಫ್ರಿಜ್ಜಿನ ಮೇಲಿನ ಅಂಕಣದಲ್ಲಿ ದನದ ರಕ್ತ, ಕೆಳಗಿನದರಲ್ಲಿ ಸಾಹೇಬರ ಮಜ್ಜಿಗೆ ಇರುತ್ತಿತ್ತು.

ಅಲ್ಲಿ ನನಗೆ ಕೆಲಸ ಕಲಿಸಿದವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಹಿರಿಯ ಡಾಕ್ಟರ್. ದನಕ್ಕೆ ಜ್ವರ ಬಂದರೆ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದು, ಬಣ್ಣ ಹಾಕಿ ನೋಡಬೇಕು. ಕೆಂಪು ರಕ್ತಕಣದ ಅಂಚಿನಲ್ಲಿ ನೇರಳೆ ಚುಕ್ಕೆ ಕಂಡರೆ ಅನಾಪ್ಲಾಸ್ಮಾ, ಅಂದರೆ ಉಣ್ಣಿ ಕಚ್ಚುವಾಗ ದನದ ಮೈಗೆ ದಾಟುವ ಒಂದು ಬ್ಯಾಕ್ಟೀರಿಯಾ. ಅದಕ್ಕೆ ಟೆಟ್ರಾಸೈಕ್ಲಿನ್ ಜಾತಿಯ ಸೂಜಿ ಇದೆ, ಬೇಗ ಹಾಕಿದರೆ ದನ ಉಳಿಯುತ್ತದೆ. ಒಂದು ದಿನ ನಾನು ಅರ್ಧ ಪಟ್ಟಿ ನೋಡಿ, ಊಟದ ಹೊತ್ತಾಯಿತೆಂದು ಫಾರ್ಮಿನಲ್ಲಿ ‘ಇಲ್ಲ’ ಎಂದು ಬರೆದೆ. ಹಿರಿಯರು ಬೈಯಲಿಲ್ಲ. ಪಟ್ಟಿಯನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು, ‘ಐತಿ ಅನ್ನಾಕ ಒಂದು ಚುಕ್ಕಿ ಸಾಕು, ತಮ್ಮಾ. ಇಲ್ಲ ಅನ್ನಾಕ ಇಡೀ ಪಟ್ಟಿ ನೋಡಬೇಕಾಗ್ತೈತಿ’ ಎಂದರು. ಉಳಿದರ್ಧದಲ್ಲಿ ಚುಕ್ಕೆಗಳಿದ್ದವು. ಅವರ ಮಾತನ್ನು ಬಹಳ ವರ್ಷ ಪಾಲಿಸಿದೆ, ಒಂದು ಸಲ ಬಿಟ್ಟು. ಆ ಒಂದು ಸಲದ ವಿಷಯವನ್ನೇ ಹೇಳಲು ಹೊರಟಿದ್ದೇನೆ.

ಅವರು ಹೋದ ಮೇಲೆ ಬಂದ ಸಾಹೇಬರ ಹೆಸರು ಬರೆಯುವುದಿಲ್ಲ. ಅವರ ಮಕ್ಕಳು ಒಳ್ಳೆಯವರು. ಎರಡು ಸಾವಿರದ ಐದಾರನೆಯ ಇಸವಿ ಇರಬೇಕು. ಸಾಹೇಬರು ಬೆಂಗಳೂರಿನಲ್ಲಿ ಹದಿನೈದು ದಿನದ ತರಬೇತಿ ಮುಗಿಸಿ ಬಂದವರೇ ಸೂಕ್ಷ್ಮದರ್ಶಕಕ್ಕೆ ಬಟ್ಟೆ ಹೊದಿಸಿದರು. ಇನ್ನು ಮೇಲೆ ರೋಗಾಣುವಿನ ಮುಖ ನೋಡಿ ಗುರುತು ಹಿಡಿಯುವ ಹಾಗಿಲ್ಲ, ಅದರ ಜಾತಕ ಓದಬೇಕು ಎಂದರು. ಜಾತಕವೆಂದರೆ ಡಿಎನ್‌ಎ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಒಂದು ಜೀನ್ ಇದೆ, ಸುಮಾರು ಹದಿನೈದು ನೂರು ಅಕ್ಷರ ಉದ್ದ. ಅದನ್ನು ಟ್ಯೂಬಿನಲ್ಲಿ ನಕಲು ಮಾಡಿ ಮಾಡಿ ಹೆಚ್ಚಿಸಿ, ಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಓದಿ, ಜಗತ್ತಿನವರೆಲ್ಲ ಓದಿಟ್ಟ ಜೀನ್‌ಗಳ ದೊಡ್ಡ ಸಂಗ್ರಹದ ಜೊತೆ ಹೋಲಿಸುತ್ತಾರೆ. ಹೋಲಿಕೆ ನೂರಕ್ಕೆ ತೊಂಬತ್ತೇಳಕ್ಕಿಂತ ಕಡಿಮೆ ಬಂದರೆ ಹೊಸ ಜಾತಿ ಇರಬಹುದೆಂಬ ಅನುಮಾನಕ್ಕೆ ಜಾಗವಿದೆ. ಸಾಹೇಬರು ತರಬೇತಿಯಲ್ಲಿ ಈ ಕೊನೆಯ ವಾಕ್ಯವನ್ನು ಮಾತ್ರ ಗಮನವಿಟ್ಟು ಕೇಳಿದ್ದರು, ಅದರಲ್ಲೂ ‘ಅನುಮಾನ’ ಎಂಬ ಪದವನ್ನು ಬಿಟ್ಟು.

ಓದುವ ಯಂತ್ರ ನಮ್ಮಲ್ಲಿರಲಿಲ್ಲ. ನಾವು ಉಣ್ಣಿ ಕಿತ್ತು ಕಳಿಸಬೇಕು, ಬೆಂಗಳೂರಿನ ದೊಡ್ಡ ಪ್ರಯೋಗಾಲಯವೊಂದು ಓದಿ ಇ-ಮೇಲ್ ಮಾಡಬೇಕು. ಕಚೇರಿಯಲ್ಲಿ ಇಂಟರ್ನೆಟ್ಟೂ ಇರಲಿಲ್ಲ. ಹಾವೇರಿ ಬಸ್‌ಸ್ಟ್ಯಾಂಡ್ ಎದುರಿನ ಇಂಟರ್ನೆಟ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸುತ್ತಿದ್ದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಪುಟದ ತುಂಬ. ಅಂಗಡಿಯವನು ಪ್ರಿಂಟರ್ ಕೆಟ್ಟಿದೆಯೆಂದು ತಿಳಿದು ಎರಡು ಸಲ ಬಂದ್ ಮಾಡಿ ಶುರುಮಾಡಿದ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಒಂದು ದನದ ಉಣ್ಣಿಗೆ ಒಂದು ಸೀಸೆ, ಇದು ನಿಯಮ. ಒಂದು ಬಸ್ ತಿರುಗಾಟಕ್ಕೆ ಒಂದು ಸೀಸೆ, ಇದು ನಮ್ಮ ರೂಢಿ. ಸೀಸೆಗಳೆಂದರೆ ಖಾಲಿಯಾದ ಇಂಜೆಕ್ಷನ್ ಬಾಟಲಿಗಳು. ತೊಳೆದು ಕುದಿಸಿ ಇಡುತ್ತಿದ್ದೆವು, ಮುಚ್ಚಳ ಸರಿಯಾಗಿ ಕೂಡುವಂಥವು ಕಡಿಮೆ. ಆ ದಿನ ಬೆಳಿಗ್ಗೆ ಬ್ಯಾಡಗಿ ದಾಟಿ, ಅದೇ ತಾಲ್ಲೂಕಿನ ಕದರಮಂಡಲಗಿಯಲ್ಲಿಳಿದು ಒಂದು ಎಮ್ಮೆಯ ಉಣ್ಣಿ ಕಿತ್ತೆ. ಅಲ್ಲಿಂದ ರಾಣೆಬೆನ್ನೂರಿಗೆ ಹೋಗಿ, ಬಸ್ ಬದಲಿಸಿ, ಮೇಡ್ಲೇರಿಯಲ್ಲಿ ಒಂದು ಆಕಳ ಉಣ್ಣಿ ಕಿತ್ತೆ. ಎರಡನ್ನೂ ಒಂದೇ ಸೀಸೆಗೆ ಹಾಕಿದೆ. ಅಂಟಿಸುವ ಚೀಟಿ ಚಿಕ್ಕದು, ಕದರಮಂಡಲಗಿ ಉದ್ದ ಹೆಸರು. ‘ಮೇಡ್ಲೇರಿ, ಆಕಳು’ ಎಂದಷ್ಟೇ ಬರೆದೆ. ಹೀಗೆ ಮಾಡಿದ್ದು ಅದೇ ಮೊದಲಲ್ಲ, ಹಾಗಾಗಿ ನನಗೆ ಏನೂ ಅನ್ನಿಸಲಿಲ್ಲ.

ಎರಡು ತಿಂಗಳ ಮೇಲೆ ಉತ್ತರ ಬಂತು. ಗೊತ್ತಿರುವ ಯಾವ ಬ್ಯಾಕ್ಟೀರಿಯಾಕ್ಕೂ ನೂರಕ್ಕೆ ತೊಂಬತ್ತೈದರ ಮೇಲೆ ಹೋಲಿಕೆ ಬರುತ್ತಿಲ್ಲ, ಇನ್ನೂ ಪರೀಕ್ಷೆ ಆಗಬೇಕು ಎಂದು ಬರೆದಿದ್ದರು. ಸಾಹೇಬರು ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು. ಆಯುಧಪೂಜೆಯ ದಿನ ಅದಕ್ಕೂ ಹೂವೇರಿತು.

ಹೆಸರಿಡಲು ಒಂದು ಸಭೆ ಕರೆದರು. ಹಾವೇರಿಯ ಹೆಸರನ್ನು ಲ್ಯಾಟಿನ್ ಮಾಡಿ ಇಡೋಣವೆಂದು ಸಾಹೇಬರ ಸೂಚನೆ. ರಾಣೆಬೆನ್ನೂರಿನಿಂದ ಬಂದ ಡಾಕ್ಟರ್, ಮೇಡ್ಲೇರಿ ನಮ್ಮ ತಾಲ್ಲೂಕು, ಹೆಸರು ನಮಗೇ ಸೇರಬೇಕೆಂದು ಪಟ್ಟು ಹಿಡಿದರು. ಬ್ಯಾಡಗಿಯವರು, ಎಲ್ಲದರಲ್ಲೂ ತಮಗೆ ಅನ್ಯಾಯವಾಗಿದೆ, ಇದರಲ್ಲಾದರೂ ನ್ಯಾಯ ಸಿಗಲಿ ಎಂದರು. ಅವರ ಎಮ್ಮೆಯ ಪಾಲೂ ಆ ಸೀಸೆಯಲ್ಲಿದೆ ಎಂದು ನಾನೊಬ್ಬನೇ ಬಲ್ಲೆ. ಸುಮ್ಮನೆ ಚಹಾ ಹಂಚಿದೆ. ಒಂದು ತಾಸು ವಾದ ನಡೆದ ಮೇಲೆ, ಬ್ಯಾಡಗಿಯವರ ಜೊತೆ ಬೇರೆ ಕೆಲಸಕ್ಕೆ ಬಂದು ಮೂಲೆಯಲ್ಲಿ ಕುಳಿತಿದ್ದ ಮೆಣಸಿನಕಾಯಿ ದಲಾಲರೊಬ್ಬರು, ಇದು ಬೇನೆಯ ಹೆಸರೋ ಹೇಗೆ ಎಂದು ಮೆಲ್ಲಗೆ ಕೇಳಿದರು. ಹೌದೆಂದರು.

‘ಹಂಗಾರ ನಮ್ಮೂರ ಹೆಸರು ಬಿಟ್ಟುಬಿಡ್ರಿ’ ಎಂದರು ದಲಾಲರು. ‘ಬ್ಯಾಡಗಿ ಅಂದರ ಮಂದಿ ಮೆಣಸಿನಕಾಯಿ ನೆನಸ್ತಾರ. ನಾಳೆ ಉಣ್ಣಿ ಬ್ಯಾನಿ ನೆನಸಿದರ ನಮ್ಮ ಪ್ಯಾಟಿ ಗತಿ ಏನ್ರಿ?’

ಬ್ಯಾಡಗಿಯವರು ಕೂಡಲೇ ಹಿಂದೆ ಸರಿದರು. ರಾಣೆಬೆನ್ನೂರಿನವರಿಗೆ ತಮ್ಮೂರ ಬೀಜದ ವ್ಯಾಪಾರ ನೆನಪಾಯಿತು. ಹಾವೇರಿಯವರಿಗೆ ಏಲಕ್ಕಿ ಹಾರ ನೆನಪಾಯಿತು. ಐದು ನಿಮಿಷದಲ್ಲಿ ಮೂರೂ ಊರುಗಳು ಆ ಗೌರವವನ್ನು ಪಕ್ಕದ ಊರಿಗೆ ಬಿಟ್ಟುಕೊಡಲು ತಯಾರಾದವು. ಕಡೆಗೆ ಸಾಹೇಬರು ಗಂಟಲು ಸರಿಮಾಡಿಕೊಂಡು, ವ್ಯಕ್ತಿಯ ಹೆಸರನ್ನೂ ಇಡಬಹುದಂತೆ, ಆದರೆ ಕಂಡುಹಿಡಿದವನು ತನ್ನ ಹೆಸರನ್ನು ತಾನೇ ಇಟ್ಟುಕೊಂಡರೆ ಚೆನ್ನಾಗಿರುವುದಿಲ್ಲವಂತೆ ಎಂದು ನನ್ನ ಕಡೆ ನೋಡಿದರು. ಮರುದಿನ, ಅವರ ಹೆಸರನ್ನು ಸೂಚಿಸುವ ಪತ್ರ ನನ್ನ ಹೆಸರಿನಲ್ಲಿ ಟೈಪಾಗಿ ಮೇಜಿನ ಮೇಲಿತ್ತು. ಸಹಿ ಹಾಕಿದೆ.

ಇಷ್ಟರಲ್ಲಿ ಬೆಂಗಳೂರಿನವರು, ಆ ಆಕಳ ರಕ್ತವೂ ಬೇಕು, ಅದಕ್ಕೆ ಯಾವ ಔಷಧವನ್ನೂ ಕೊಟ್ಟಿರಬಾರದು ಎಂದು ತಿಳಿಸಿದ್ದರು. ಒಂದು ಗುರುವಾರ ಸಾಹೇಬರೂ ನಾನೂ ಜೀಪಿನಲ್ಲಿ ಮೇಡ್ಲೇರಿಗೆ ಹೋದೆವು. ಆಕಳು ಮಾಬುಬಿ ಎಂಬಾಕೆಯದು. ಗಂಡ ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಹಮಾಲ. ಮೂರು ಮಕ್ಕಳ ಮನೆ ನಡೆಯುತ್ತಿದ್ದುದು ಹೆಚ್ಚಾಗಿ ಈ ಒಂದು ಮಿಶ್ರತಳಿ ಆಕಳ ಹಾಲಿನಿಂದ. ನಾವು ಹೋದಾಗ ಅದು ತಲೆ ಇಳಿಬಿಟ್ಟು ಮಲಗಿತ್ತು. ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ, ಹಾಲು ಬತ್ತಿತ್ತು, ಹೊಟ್ಟೆಯಲ್ಲಿ ಐದು ತಿಂಗಳ ಕರು. ಜ್ವರ ನೋಡಿದೆ, ನೂರಾ ಆರು. ರೂಢಿಯಂತೆ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಗೆ ಎಳೆದುಕೊಂಡೆ. ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗೆ. ಸಾಹೇಬರ ಮುಖ ಅರಳಿತು. ತಮ್ಮ ಮಗಳ ಮದುವೆಯಲ್ಲೂ ಅವರು ಅಷ್ಟು ಖುಷಿಯಾದದ್ದನ್ನು ನಾನು ಕಂಡಿರಲಿಲ್ಲ.

ಬೆಂಗಳೂರಿನ ತಂಡ ಮುಂದಿನ ಗುರುವಾರ ಬರುತ್ತದೆ, ಪತ್ರಿಕೆಯವರೂ ಬರುತ್ತಾರೆ, ಅಲ್ಲಿಯವರೆಗೆ ಯಾರೂ ಇದಕ್ಕೆ ಸೂಜಿ ಹಾಕಕೂಡದು ಎಂದು ಸಾಹೇಬರು ಆಜ್ಞೆ ಮಾಡಿದರು. ಹತ್ತಿರದ ಪಶು ಆಸ್ಪತ್ರೆಗೂ ಹೇಳಿ ಕಳಿಸಿದರು. ಮಾಬುಬಿ ಯಾಕೆಂದು ಕೇಳಿದಳು. ಸೂಜಿ ಹಾಕಿದರೆ ಒಳಗಿನ ಹುಳ ಸತ್ತುಹೋಗುತ್ತವೆ ಎಂದರು ಸಾಹೇಬರು.

‘ಹುಳ ಸಾಯ್ಲಿ ಅಂತನ ಅಲ್ರೀ ಸಾಹೇಬ್ರ, ಸೂಜಿ ಹಾಕೂದು?’ ಎಂದಳು ಮಾಬುಬಿ.

ಇದು ವಿಜ್ಞಾನದ ವಿಷಯ, ನಿನಗೆ ತಿಳಿಯುವುದಿಲ್ಲ ಎಂದು ಸಾಹೇಬರು ಜೀಪು ಹತ್ತಿದರು. ದಾರಿಯಲ್ಲಿ ನಾನು, ಈಗಲೇ ತಿರುಗಿ ಹೋಗಿ ಎರಡು ಟ್ಯೂಬು ರಕ್ತ ತೆಗೆದು ಬರ್ಫದಲ್ಲಿಟ್ಟು ಸೂಜಿ ಹಾಕಿಬಿಟ್ಟರೆ ಎರಡೂ ಕೆಲಸ ಆಗುತ್ತದಲ್ಲ ಎಂದು ಕೇಳಿದೆ. ಬೆಂಗಳೂರಿನವರು ಜ್ವರವನ್ನು ಕಣ್ಣಾರೆ ನೋಡಬೇಕು, ಫೋಟೋದಲ್ಲಿ ಆಕಳು ಕಾಯಿಲೆಯದೆಂದು ಕಾಣಬೇಕು ಎಂದರು ಸಾಹೇಬರು. ಹಾವೇರಿಗೆ ಬಂದು ನಾನು ಸೂಕ್ಷ್ಮದರ್ಶಕದ ಬಟ್ಟೆ ತೆಗೆದೆ. ಕಿವಿಯಿಂದ ತೆಗೆದಿದ್ದ ಒಂದು ಹನಿಯಲ್ಲಿ, ರಕ್ತಕಣಗಳ ಅಂಚಿಗೆ ಅದೇ ಹಳೆಯ ನೇರಳೆ ಚುಕ್ಕೆಗಳು ಕಿಕ್ಕಿರಿದಿದ್ದವು. ಹೊಸದೇನೂ ಅಲ್ಲ, ಇಪ್ಪತ್ತು ವರ್ಷದಿಂದ ನೋಡುತ್ತ ಬಂದ ಅನಾಪ್ಲಾಸ್ಮಾ. ಹೋಗಿ ಹೇಳಿದೆ.

‘ಕಣ್ಣಿಗೆ ಕಂಡದ್ದನ್ನ ನಂಬೂ ಕಾಲ ಹೋತು, ಚನ್ನಬಸಪ್ಪ’ ಎಂದರು ಸಾಹೇಬರು.

ಶುಕ್ರವಾರ ಹೋಯಿತು, ಶನಿವಾರ ಹೋಯಿತು. ನನಗೆ ಹೆದರಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಮೇಲಿನವರ ಮಾತು ಮೀರಿದರೆ ಅಮಾನತು ಆಗುತ್ತದೆ ಎಂದು ಗೊತ್ತಿತ್ತು. ಗುರುವಾರದವರೆಗೆ ಆ ಆಕಳು ಉಳಿಯುವುದಿಲ್ಲ ಎಂದೂ ಗೊತ್ತಿತ್ತು. ಊಟಕ್ಕೆ ಕೂತರೆ ಆ ಬಿಳಿ ಒಸಡೇ ಕಣ್ಣಿಗೆ ಬರುತ್ತಿತ್ತು. ರವಿವಾರ ಬೆಳಿಗ್ಗೆ ಊಟದ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಔಷಧವನ್ನೂ ಸಿರಿಂಜನ್ನೂ ಇಟ್ಟುಕೊಂಡು, ಸಂಬಂಧಿಕರ ಮನೆಗೆ ಎಂದು ಹೇಳಿ ಬಸ್ ಹತ್ತಿದೆ.

ಆಕಳು ಏಳುವ ಸ್ಥಿತಿಯಲ್ಲಿರಲಿಲ್ಲ. ಮೂವತ್ತು ಮಿಲಿ, ಮೂರು ಕಡೆ ಹತ್ತತ್ತು, ಆಳವಾಗಿ ಹಾಕಿದೆ. ಹಾಲು ಮತ್ತೆ ಇಳಿದರೆ ಒಂದು ವಾರ ಚೆಲ್ಲಬೇಕು, ಯಾರಿಗೂ ಹಾಕಬಾರದು ಎಂದು ಹೇಳಿದೆ. ಆಮೇಲೆ, ನಾನು ಬಂದೇ ಇಲ್ಲ, ನೀನು ನನ್ನನ್ನು ನೋಡೇ ಇಲ್ಲ, ತಿಳಿಯಿತೇ ಎಂದೆ.

‘ಆತ್ರಿ ಅಣ್ಣಾರ’ ಎಂದಳು ಮಾಬುಬಿ. ‘ಬರಲಾರದವರು ಒಂದ ಕಪ್ ಚಾ ಕುಡದು ಹೋಗ್ರಿ.’

ಗುರುವಾರ ಬೆಂಗಳೂರಿನ ಮೂವರು, ಕ್ಯಾಮೆರಾದ ಒಬ್ಬರು, ಹೊಸ ಸಫಾರಿ ತೊಟ್ಟ ಸಾಹೇಬರು, ಹಿಂದೆ ನಾನು. ಆಕಳು ಎದ್ದು ನಿಂತು ಜೋಳದ ಕಣಕಿ ತಿನ್ನುತ್ತಿತ್ತು. ಥರ್ಮಾಮೀಟರ್ ಇಟ್ಟರೆ ಜ್ವರವಿಲ್ಲ. ಸಾಹೇಬರು ಮತ್ತೊಂದು ಥರ್ಮಾಮೀಟರ್ ತರಿಸಿದರು, ಅದರಲ್ಲೂ ಇಲ್ಲ. ಯಾರಾದರೂ ಔಷಧ ಕೊಟ್ಟರೇ ಎಂದು ಮಾಬುಬಿಯನ್ನು ಗದರಿಸಿ ಕೇಳಿದರು.

‘ನಮಗ ಯಾರು ಕೊಡ್ತಾರ್ರಿ ಔಷಧ? ಕೊಡಬ್ಯಾಡ್ರಿ ಅಂತ ನೀವ ಊರೆಲ್ಲಾ ಹೇಳೀರಿ’ ಎಂದಳು ಆಕೆ, ಸೆರಗು ಸರಿಮಾಡಿಕೊಳ್ಳುತ್ತ.

ಆಕೆ ಸುಳ್ಳು ಹೇಳಲಿಲ್ಲ, ಬರಿ ಪ್ರಶ್ನೆ ಕೇಳಿದಳು. ಸುಳ್ಳು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಿನವರು ತೆಗೆದ ರಕ್ತದ ಜೊತೆ ಹೋಗುವ ಫಾರ್ಮಿನಲ್ಲಿ ‘ಚಿಕಿತ್ಸೆ’ ಎಂಬ ಅಂಕಣವಿತ್ತು. ಅದರ ಮುಂದೆ ‘ಇಲ್ಲ’ ಎಂದು ಬರೆದು, ಕೆಳಗೆ ಸಹಿ ಮಾಡಿದೆ. ಹಳೆಯ ಡಾಕ್ಟರ ಮಾತು ನೆನಪಾಗಲಿಲ್ಲ ಎಂದಲ್ಲ. ನೆನಪಾಗಿಯೂ ಬರೆದೆ.

ಆ ರಕ್ತದಲ್ಲಿ ಹೊಸ ಬ್ಯಾಕ್ಟೀರಿಯಾ ಸಿಗಲಿಲ್ಲ, ಹಳೆಯದೂ ಸಿಗಲಿಲ್ಲ. ಮೂರು ತಿಂಗಳ ಮೇಲೆ ಬೆಂಗಳೂರಿನವರು ಮೊದಲ ಓದನ್ನು ಮತ್ತೆ ತೆಗೆದು ನೋಡಿ ಒಂದು ವಿಚಿತ್ರ ಕಂಡುಹಿಡಿದರು. ನಮ್ಮ ಹೊಸ ಜಾತಿಯ ಮುಂದಿನ ಅರ್ಧ ಅಕ್ಷರಕ್ಕಕ್ಷರ ಅನಾಪ್ಲಾಸ್ಮಾ, ಹಿಂದಿನ ಅರ್ಧ ಅಕ್ಷರಕ್ಕಕ್ಷರ ಎರ್ಲಿಕಿಯಾ ಎಂಬ ಇನ್ನೊಂದು ಪರಿಚಿತ ಬ್ಯಾಕ್ಟೀರಿಯಾ. ಒಂದೇ ಟ್ಯೂಬಿನಲ್ಲಿ ಎರಡು ಬಗೆಯವಿದ್ದರೆ, ನಕಲು ಮಾಡುವಾಗ ಒಂದರ ಅರ್ಧ ತುಣುಕು ಇನ್ನೊಂದಕ್ಕೆ ಅಂಟಿಕೊಂಡು, ಲೋಕದಲ್ಲೇ ಇಲ್ಲದ ಮೂರನೆಯದೊಂದು ಹುಟ್ಟುತ್ತದಂತೆ. ಎರಡು ದನಗಳ ಉಣ್ಣಿ ಏನಾದರೂ ಕೂಡಿತ್ತೇ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು.

ಸಾಹೇಬರು ಅಷ್ಟು ಮರ್ಯಾದೆಯಿಂದ ಕೇಳಲಿಲ್ಲ. ಸೀಸೆಯ ತಪ್ಪನ್ನು ಒಪ್ಪಿಕೊಂಡೆ. ಮೂರು ದಿನ ಬೈದರು, ಮೆಮೊ ಕೊಟ್ಟರು, ಗೋಡೆಯ ಕಟ್ಟು ಇಳಿಯಿತು. ಆ ಕಟ್ಟಿನೊಳಗೆ ಆಮೇಲೆ ಕಚೇರಿಯ ರಜಾದಿನಗಳ ಪಟ್ಟಿ ಬಂತು. ಸೂಜಿಯ ವಿಷಯ ಮಾತ್ರ ನಾನು ಬಾಯಿ ಬಿಡಲಿಲ್ಲ. ಸೋಮಾರಿತನದಿಂದ ಮಾಡಿದ ತಪ್ಪಿಗೆ ಮೆಮೊ, ತಿಳಿದು ಮಾಡಿದ ಒಳ್ಳೆಯದಕ್ಕೆ ಅಮಾನತು, ಸರ್ಕಾರಿ ನೌಕರಿಯ ಲೆಕ್ಕ ಹಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವ ಪ್ರಮೇಯವಿರಲಿಲ್ಲ. ಸಾಹೇಬರು ಒಂದು ದೊಡ್ಡ ಸಮ್ಮೇಳನದಲ್ಲಿ ಭಾಷಣ ಮಾಡುವುದೆಂದು ಆಗಲೇ ನಿಶ್ಚಯವಾಗಿತ್ತು, ಹೊಸ ಜಾತಿ ಕೈಕೊಟ್ಟಿತ್ತು. ಆಗ ಅವರಿಗೆ ನನ್ನ ಗಾಜಿನ ಪಟ್ಟಿ ನೆನಪಾಯಿತು. ಒಂದು ಗುರುವಾರ ರಕ್ತದ ತುಂಬ ಅನಾಪ್ಲಾಸ್ಮಾ, ಮುಂದಿನ ಗುರುವಾರ ಒಂದೂ ಇಲ್ಲ, ನಡುವೆ ಚಿಕಿತ್ಸೆ ಇಲ್ಲ. ಮೇಡ್ಲೇರಿಯ ಆಕಳು ತನ್ನ ರಕ್ತದ ಬಲದಿಂದಲೇ ಒಂದು ವಾರದಲ್ಲಿ ರೋಗ ಗೆದ್ದಿದೆ ಎಂದು ಪ್ರಬಂಧ ಮಂಡಿಸಿದರು. ಕಣ್ಣಿಗೆ ಕಂಡದ್ದನ್ನು ನಂಬುವ ಕಾಲ ಮತ್ತೆ ಬಂದಿತ್ತು. ಪ್ರಬಂಧ ಅಚ್ಚಾಯಿತು, ಜೊತೆಗೆ ಮಾಬುಬಿ ಆಕಳ ಹಗ್ಗ ಹಿಡಿದು ನಿಂತ ಫೋಟೋ. ನಾನು ಸಭೆಯ ಕೊನೆಯ ಸಾಲಿನಲ್ಲಿ ಕುಳಿತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ ಶಿಲ್ಪಾ ಎಂಬ ಸಂಶೋಧಕಿ ನನ್ನ ಮನೆಗೆ ಬಂದಳು. ಈಗ ಒಂದು ಜೀನಲ್ಲ, ಇಡೀ ಜೀನೋಮನ್ನೇ ಓದುವ ಯಂತ್ರಗಳಿವೆ. ತಾನಾಗಿ ರೋಗ ಗೆಲ್ಲುವ ಗುಣ ಯಾವ ಜೀನಿನಲ್ಲಿದೆ ಎಂದು ಹುಡುಕಲು, ಆ ಆಕಳ ಮಕ್ಕಳು ಮೊಮ್ಮಕ್ಕಳು ಮಾರಾಟವಾದ ಊರುಗಳನ್ನು ಗಳಗನಾಥದವರೆಗೂ ಸುತ್ತಿ ರಕ್ತ ತಂದಿದ್ದಳು. ಪ್ರಬಂಧವನ್ನು ಮೊದಲು ನಂಬಿರಲಿಲ್ಲವಂತೆ. ಮೂಲ ಫಾರ್ಮಿನ ಪ್ರತಿ ತರಿಸಿ, ಸಹಿ ನೋಡಿ ನಂಬಿದಳಂತೆ. ನನ್ನ ಕೈಬರಹ ಅಷ್ಟು ಅಚ್ಚುಕಟ್ಟಾಗಿದೆ ಎಂದಳು. ಮಾಬುಬಿ ಮಾತ್ರ ಏನು ಕೇಳಿದರೂ ತಿರುಗಿ ಪ್ರಶ್ನೆಯನ್ನೇ ಕೇಳುತ್ತಾಳೆ, ನೀವೊಮ್ಮೆ ಜೊತೆಗೆ ಬರಬೇಕು ಎಂದಳು. ಅಲ್ಲೇ ಹೇಳಿಬಿಡಬೇಕಿತ್ತು. ಹೇಳದೆ ಅಂಗಿ ಹಾಕಿಕೊಂಡು ಹೊರಟೆ.

ಮಾಬುಬಿಯ ತಲೆ ನೆರೆತಿತ್ತು, ನಾಲಿಗೆಗೆ ವಯಸ್ಸಾಗಿರಲಿಲ್ಲ. ಚಹಾ ಕೊಟ್ಟು ಕುಳಿತಳು. ಆಗ ಆಕಳಿಗೆ ಖಂಡಿತ ಯಾವ ಔಷಧವನ್ನೂ ಕೊಟ್ಟಿರಲಿಲ್ಲವೇ ಎಂದು ಶಿಲ್ಪಾ ಮತ್ತೊಮ್ಮೆ ಕೇಳಿದಳು. ಮಾಬುಬಿ ನನ್ನ ಮುಖ ನೋಡಿದಳು.

‘ಅಣ್ಣಾರ, ನೀವು ಹೇಳ್ತೀರೋ, ನಾ ಹೇಳ್ಲೋ?’

ಹೇಳಿದೆ. ರವಿವಾರ, ಊಟದ ಡಬ್ಬಿ, ಮೂರು ಕಡೆ ಹತ್ತತ್ತು ಮಿಲಿ, ಎಲ್ಲ ಹೇಳಿದೆ. ಶಿಲ್ಪಾ ಕಪ್ಪನ್ನು ಕೆಳಗಿಟ್ಟಳು. ‘ಒಂದು ವರ್ಷ ಆತ್ರಿ ಸರ್, ನಾ ಇದನ್ನ ಹುಡುಕಾಕ ಹತ್ತಿ’ ಎಂದಳು, ಅಷ್ಟೇ. ಸಾಹೇಬರ ಹಾಗೆ ಮೂರು ದಿನ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಕಳನ್ನು ಉಳಿಸಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ನಾನು ಬರೆದ ‘ಇಲ್ಲ’ ಎಂಬ ಒಂದು ಪದದಿಂದ ಈ ಹುಡುಗಿ ಊರೂರು ಅಲೆದು ಇಲ್ಲದ ಜೀನನ್ನು ಹುಡುಕಿದ್ದಳು, ಅವಳೆದುರು ತಲೆ ಎತ್ತಲು ಆಗಲಿಲ್ಲ.

ಅವಳು ಚೀಲದಿಂದ ಫಾರ್ಮಿನ ಪ್ರತಿಯನ್ನು ತೆಗೆದು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು. ‘ಇಲ್ಲ’ ಎಂಬುದನ್ನು ಹೊಡೆದು ಹಾಕಿ ಔಷಧದ ಹೆಸರು, ಪ್ರಮಾಣ, ದಿನ ಬರೆದು, ಪಕ್ಕದಲ್ಲಿ ಸಹಿ ಮಾಡಿದೆ. ಈ ಸಲ ಬರಹ ಅಚ್ಚುಕಟ್ಟಾಗಿ ಬರಲಿಲ್ಲ. ಮಾಬುಬಿ ಬಗ್ಗಿ ನೋಡಿ, ಆ ಸುಳ್ಳಿನಲ್ಲಿ ತನ್ನ ಪಾಲೂ ಇದೆ, ತನ್ನದೂ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು ಎಂದಳು. ಶಾಯಿಯ ಪ್ಯಾಡ್ ಇರಲಿಲ್ಲ. ಶಿಲ್ಪಾ ಪೆನ್ನಿನಿಂದ ಆಕೆಯ ಬೆರಳಿಗೆ ಗೀಚಿ ಗೀಚಿ ಬಣ್ಣ ಹಚ್ಚಿದಳು.

ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮಾಬುಬಿ ಹಿತ್ತಲ ಕಡೆ ತೋರಿಸಿದಳು. ಅಲ್ಲಿ ಆ ಆಕಳ ಮೊಮ್ಮಗಳನ್ನು ಕಟ್ಟಿದ್ದರು.

‘ನಾಳೆ ಅದಕ್ಕ ಜ್ವರ ಬಂದರ ಏನ್ ಮಾಡ್ತೀಯವಾ?’ ಎಂದು ಶಿಲ್ಪಾಳನ್ನು ಕೇಳಿದಳು. ‘ಸೂಜಿ ಹಾಕ್ತೀಯೋ, ಗುರುವಾರದ ತನಕ ಕಾಯ್ತೀಯೋ?’

ಶಿಲ್ಪಾ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟಳು.

‘ಹಾಕ್ತೇನ್ರಿ ಅವ್ವಾರ’ ಎಂದಳು. ‘ಹಾಕಿದ್ದನ್ನ ಬರದೂ ಇಡ್ತೇನಿ.’